ಹಳ್ಳಿ ಪಬ್ಬುಗಳ ಲೆಕ್ಕ ಇಟ್ಟವರು

1971ರ ಮಾರ್ಚ್ ತಿಂಗಳು. ಇಂಗ್ಲೆಂಡಿನ ವಾಯವ್ಯ ಭಾಗದ ನಾಲ್ವರು ಯುವಕರು ರಜೆ ಕಳೆಯಲು ಐರ್ಲೆಂಡಿಗೆ ಹೊರಟರು. ಮೈಕೆಲ್ ಹಾರ್ಡ್‌ಮನ್, ಗ್ರಹಾಂ ಲೀಸ್ ಮತ್ತು ಬಿಲ್ ಮೆಲ್ಲರ್ ಪತ್ರಕರ್ತರು. ಜಿಮ್ ಮೇಕಿನ್ ಬಿಯರ್ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಊರಿಂದೂರಿಗೆ, ಪಬ್ಬಿಂದ ಪಬ್ಬಿಗೆ ಅಲೆಯುತ್ತ ಕೆರ್ರಿ ಕೌಂಟಿಯ ಪಶ್ಚಿಮದ ತುದಿಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿದ ಡನ್‌ಕ್ವಿನ್ ಎಂಬ ಹಳ್ಳಿ ತಲುಪಿದರು. ಅಲ್ಲಿನ ಕ್ರೂಗರ್ಸ್ ಬಾರ್‌ನಲ್ಲಿ ಕುಳಿತು, ತಮ್ಮ ಊರಿನ ಬಿಯರ್ ಕೆಟ್ಟುಹೋಗುತ್ತಿದೆ ಎಂದು ಗೊಣಗುತ್ತ ಒಂದು ಸಂಘ ಕಟ್ಟಿದರು. ಹೆಸರು 'ಏಲ್ ಪುನಶ್ಚೇತನ ಅಭಿಯಾನ'. ಎರಡು ವರ್ಷದ ನಂತರ ಅದು 'ರಿಯಲ್ ಏಲ್ ಅಭಿಯಾನ' ಆಯಿತು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಜನ ಅದನ್ನು 'ಕ್ಯಾಮ್ರಾ' ಎಂದು ಕರೆಯುತ್ತಾರೆ.

ಆ ನಾಲ್ವರಿಗೆ ಅದು ಅರ್ಧ ತಮಾಷೆಯಾಗಿತ್ತು. ಆದರೆ ಮುಂದೆ ಅದರ ಸದಸ್ಯರ ಸಂಖ್ಯೆ ಒಂದು ಲಕ್ಷ ದಾಟಿತು. ಬ್ರಿಟನ್ನಿನ ಅತ್ಯಂತ ಯಶಸ್ವಿ ಗ್ರಾಹಕ ಚಳವಳಿಗಳಲ್ಲಿ ಒಂದು ಎಂದು ಅದನ್ನು ಈಗಲೂ ಎಣಿಸುತ್ತಾರೆ.

ಈ ಕಥೆ ಬರೆಯಲು ನನಗೆ ಎರಡು ಕಾರಣಗಳಿವೆ. ಇದನ್ನು ಶುರು ಮಾಡಿದವರಲ್ಲಿ ಮೂವರು ನಮ್ಮ ವೃತ್ತಿಯವರು ಎಂಬುದು ಒಂದು. ಅವರು ಕಂಡುಕೊಂಡ ದಾರಿ ಇನ್ನೊಂದು. ಅವರು ಮೊದಲು ಮಾಡಿದ್ದು ಉಪವಾಸವನ್ನಲ್ಲ, ಮನವಿ ಪತ್ರವನ್ನೂ ಅಲ್ಲ. ಗುಂಪು ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಹೋದರು, ನೋಡಿದರು, ಬರೆದುಕೊಂಡರು. ಶನಿವಾರದ ಒಂದು ದಿನದ ವಿಹಾರವೇ ಅವರ ಚಳವಳಿಯ ಕೆಲಸವೂ ಆಯಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಜಿಲ್ಲಾ ವರದಿಗಾರನಾಗಿ ಕುಡಿತದ ಬಗ್ಗೆ ನಾನು ಬರೆದ ಸುದ್ದಿಗಳೆಲ್ಲ ಬೇರೆ ಥರದವು: ಒಡೆದ ಮನೆ, ಅಡ ಇಟ್ಟ ತಾಳಿ, ಅಂಗಡಿ ಮುಂದೆ ಪೊರಕೆ ಹಿಡಿದು ನಿಂತ ಹೆಂಗಸರು. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಖುಷಿಪಟ್ಟ ಹಳ್ಳಿಗಳು ಎಷ್ಟೋ ಇದ್ದವು. ಹಾಗಾಗಿ ಕುಡಿಯುವುದು ಒಳ್ಳೆಯದು ಎಂದು ವಾದಿಸಲು ಇದನ್ನು ಬರೆಯುತ್ತಿಲ್ಲ. ಇದು ಒಂದು ಹಳ್ಳಿಯಲ್ಲಿ ನಾಲ್ಕು ಜನ ಕೂಡುವ ಜಾಗ ಹೇಗೆ ಹೋಗುತ್ತದೆ, ಹೇಗೆ ಉಳಿಯುತ್ತದೆ ಎಂಬುದರ ಕಥೆ.

ಜೀವ ಇರುವ ಬಿಯರ್

ರಿಯಲ್ ಏಲ್ ಎಂದರೇನು? ನಮ್ಮ ಕಡೆ ಈಚಲು ಮರದಿಂದ ಇಳಿಸಿದ ಹೆಂಡವನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಒಂದು ರುಚಿ, ಮಧ್ಯಾಹ್ನ ಇನ್ನೊಂದು, ಮರುದಿನ ಹುಳಿ. ಒಳಗಿನ ಹುದುಗು ಜೀವಂತ ಇರುವುದರಿಂದ ಹಾಗಾಗುತ್ತದೆ. ಇಂಗ್ಲೆಂಡಿನ ಏಲ್ ಕೂಡ ಅದೇ ಜಾತಿಯದು. ಕಾರ್ಖಾನೆಯಲ್ಲಿ ಮೊದಲ ಹುದುಗುವಿಕೆ ಮುಗಿದ ಮೇಲೆ, ಅದನ್ನು ಸೋಸಿ ಕುದಿಸಿ ಕೊಲ್ಲದೆ, ಹುದುಗಿನ ಸಮೇತ ಪೀಪಾಯಿಗೆ ತುಂಬುತ್ತಾರೆ. ಪೀಪಾಯಿ ಪಬ್ಬಿನ ನೆಲಮಾಳಿಗೆಗೆ ಹೋದ ಮೇಲೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ.

ಅಲ್ಲಿಂದ ಮುಂದೆ ಎಲ್ಲವೂ ಪಬ್ ನಡೆಸುವವನ ಕೈಚಳಕ. ಪೀಪಾಯಿಯನ್ನು ಅಲುಗದಂತೆ ಮಲಗಿಸಬೇಕು. ಮೇಲಿನ ತೂತಿಗೆ ಮೆದು ಮರದ ಬೆಣೆ ಹೊಡೆದು ಹೆಚ್ಚಿನ ಗಾಳಿ ಮೆಲ್ಲಗೆ ಹೊರಹೋಗಲು ಬಿಡಬೇಕು. ಗಷ್ಟು ತಳಕ್ಕೆ ಇಳಿಯಲು ಮೀನಿನ ಗಾಳಿಚೀಲದಿಂದ ತಯಾರಿಸಿದ ಒಂದು ಅಂಟನ್ನು ಬಳಸುವುದು ಹಳೆಯ ರೂಢಿ. ನೆಲಮಾಳಿಗೆ 11ರಿಂದ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಬೇಕು. ಒಂದೆರಡು ದಿನ ಕಾದು, ರುಚಿ ನೋಡಿ, ಆಮೇಲೆ ಕೈಪಂಪಿನಿಂದ ಎಳೆದು ಲೋಟಕ್ಕೆ ತುಂಬಬೇಕು. ಹೊರಗಿನಿಂದ ಗ್ಯಾಸ್ ತುಂಬುವಂತಿಲ್ಲ.

ತೆರೆದ ಪೀಪಾಯಿ ಸುಮಾರು ಮೂರು ದಿನದಲ್ಲಿ ಖಾಲಿಯಾಗಬೇಕು, ಇಲ್ಲದಿದ್ದರೆ ರುಚಿ ಕೆಡುತ್ತದೆ. ಹಳ್ಳಿ ಪಬ್ಬಿನ ಇಡೀ ಅರ್ಥಶಾಸ್ತ್ರ ಇಲ್ಲಿಯೇ ಇದೆ. ಸಾಮಾನ್ಯವಾಗಿ ಬಳಸುವ ಫರ್ಕಿನ್ ಎಂಬ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪಿಂಟ್ ಇರುತ್ತದೆ. ಒಂದು ಪಿಂಟ್ ಎಂದರೆ 568 ಮಿಲಿಲೀಟರ್. ಮೂರು ದಿನಕ್ಕೆ 72 ಎಂದರೆ ದಿನಕ್ಕೆ 24 ಪಿಂಟ್. ನಲವತ್ತು ಮನೆಯ ಹಳ್ಳಿಯಲ್ಲಿ, ಚಳಿಗಾಲದ ಒಂದು ಮಂಗಳವಾರ, ಇಷ್ಟು ಮಾರುವುದು ಸುಲಭವಲ್ಲ. ಜನ ಬಂದರೆ ಬಿಯರ್ ಚೆನ್ನಾಗಿರುತ್ತದೆ, ಬಿಯರ್ ಚೆನ್ನಾಗಿದ್ದರೆ ಜನ ಬರುತ್ತಾರೆ. ಈ ಚಕ್ರ ಒಮ್ಮೆ ಹಿಮ್ಮುಖ ತಿರುಗಿದರೆ ಪಬ್ಬಿನ ಕಥೆ ಮುಗಿಯಿತು.

ಕೆಗ್ ಬಂದದ್ದು

ಈ ತಲೆನೋವಿಗೆ ದೊಡ್ಡ ಕಂಪನಿಗಳು ಕಂಡುಕೊಂಡ ಮದ್ದು ಕೆಗ್. ಬಿಯರನ್ನು ಸೋಸಿ, ಪಾಶ್ಚರೀಕರಿಸಿ, ಲೋಹದ ಡಬ್ಬಿಗೆ ತುಂಬಿ, ಇಂಗಾಲದ ಡೈಆಕ್ಸೈಡ್ ಒತ್ತಡದಲ್ಲಿ ಹೊರತಳ್ಳುವುದು. ವಾರಗಟ್ಟಲೆ ಕೆಡುವುದಿಲ್ಲ. ನೆಲಮಾಳಿಗೆಯ ಕಸುಬು ಗೊತ್ತಿರಬೇಕಿಲ್ಲ. ಲಂಡನ್ನಿನಲ್ಲಿ ಕುಡಿದರೂ ಕಾರ್ನ್‌ವಾಲ್‌ನಲ್ಲಿ ಕುಡಿದರೂ ಒಂದೇ ರುಚಿ. ವಾಟ್ನೀಸ್ ಕಂಪನಿಯ ರೆಡ್ ಬ್ಯಾರೆಲ್, ವಿಟ್‌ಬ್ರೆಡ್‌ನ ಟ್ಯಾಂಕರ್ಡ್, ಇಂಡ್ ಕೂಪ್‌ನ ಡಬಲ್ ಡೈಮಂಡ್ ಟಿವಿ ಜಾಹೀರಾತಿನ ಬಲದಿಂದ ಮನೆಮಾತಾದವು.

ಕೆಗ್ ಅನ್ನು ಖಳನಾಯಕ ಮಾಡುವುದು ಸುಲಭ, ಆದರೆ ಅದು ಪೂರ್ತಿ ನ್ಯಾಯವಲ್ಲ. ಯುದ್ಧಾನಂತರದ ಎಷ್ಟೋ ಪಬ್ಬುಗಳಲ್ಲಿ ಪೀಪಾಯಿ ಬಿಯರ್ ಹುಳಿಯಾಗಿರುತ್ತಿತ್ತು, ಕೆಲವು ಕಡೆ ತಟ್ಟೆಗೆ ಚೆಲ್ಲಿದ್ದನ್ನು ಮತ್ತೆ ಪೀಪಾಯಿಗೇ ಸುರಿಯುತ್ತಿದ್ದರು. ಜನ ಕೆಗ್ ಕಡೆ ತಿರುಗಿದ್ದಕ್ಕೆ ಕಾರಣ ಇತ್ತು.

ತೊಂದರೆ ಇದ್ದದ್ದು ಆಯ್ಕೆಯಲ್ಲಿ. ಆ ಕಾಲದಲ್ಲಿ ಇಂಗ್ಲೆಂಡಿನ ಬಹುಪಾಲು ಪಬ್ಬುಗಳು ಬಿಯರ್ ಕಂಪನಿಗಳದೇ ಆಸ್ತಿಯಾಗಿದ್ದವು. ಪಬ್ ನಡೆಸುವವನು ಬಾಡಿಗೆದಾರ, ಮಾಲೀಕ ಕಂಪನಿಯ ಬಿಯರನ್ನೇ ಮಾರಬೇಕಿತ್ತು. 1950 ಮತ್ತು 60ರ ದಶಕಗಳಲ್ಲಿ ಕಂಪನಿಗಳು ಒಂದನ್ನೊಂದು ನುಂಗುತ್ತ ಹೋಗಿ ಕೊನೆಗೆ ಆರು ದೈತ್ಯರು ಉಳಿದರು: ಬಾಸ್ ಚಾರಿಂಗ್ಟನ್, ಅಲೈಡ್, ವಿಟ್‌ಬ್ರೆಡ್, ವಾಟ್ನಿ ಮನ್, ಕರೇಜ್, ಸ್ಕಾಟಿಷ್ ಅಂಡ್ ನ್ಯೂಕ್ಯಾಸಲ್. ಒಂದು ಊರಿನ ಬ್ರೂವರಿ ಮಾರಾಟವಾದರೆ ಸುತ್ತಲಿನ ನೂರಾರು ಹಳ್ಳಿಗಳ ಪಬ್ಬುಗಳೂ ಒಂದೇ ಸಹಿಗೆ ಕೈಬದಲಾಗುತ್ತಿದ್ದವು.

ನಾರ್ಫೋಕ್ ಜಿಲ್ಲೆ ಇದಕ್ಕೆ ನಿಚ್ಚಳ ಉದಾಹರಣೆ. ನಾರ್ವಿಚ್ ನಗರದ ಎರಡು ಹಳೆಯ ಬ್ರೂವರಿಗಳಾದ ಬುಲ್ಲಾರ್ಡ್ಸ್ ಮತ್ತು ಸ್ಟೀವರ್ಡ್ ಅಂಡ್ ಪ್ಯಾಟೆಸನ್ ಅನ್ನು ವಾಟ್ನಿ ಮನ್ 1963ರಲ್ಲಿ ಕೊಂಡಿತು. ಅವುಗಳ ಜೊತೆ ಸಾವಿರಕ್ಕೂ ಹೆಚ್ಚು ಪಬ್ಬುಗಳು ಬಂದವು. ವ್ಯಾಪಾರ ಕಡಿಮೆ ಇದ್ದ ಹಳ್ಳಿ ಪಬ್ಬುಗಳನ್ನು ಕಂಪನಿ ಒಂದೊಂದಾಗಿ ಮುಚ್ಚಿತು. ಉಳಿದವು ಬಹುಮಟ್ಟಿಗೆ ವಾಟ್ನೀಸ್ ಬಿಯರಿನ ಅಂಗಡಿಗಳಾದವು. ಹತ್ತು ಮೈಲಿ ನಡೆದರೂ ಬೇರೆ ಬಿಯರ್ ಸಿಗದಂಥ ಸ್ಥಿತಿ. 1971ರಲ್ಲಿ ಇದೇ ಕಂಪನಿ 'ಕೆಂಪು ಕ್ರಾಂತಿ' ಎಂದು ಹೊಸ ಕೆಗ್ ಬಿಯರಿಗೆ ಪ್ರಚಾರ ಕೊಟ್ಟು, ಮಾವೋ, ಕ್ರುಶ್ಚೇವ್, ಕ್ಯಾಸ್ಟ್ರೋ ಥರದ ವೇಷಧಾರಿಗಳ ಪೋಸ್ಟರ್ ಅಂಟಿಸಿತು. ಜನರಿಗೆ ಆಯ್ಕೆಯೇ ಇಲ್ಲದ ಕಡೆ ಕ್ರಾಂತಿಯ ಜಾಹೀರಾತು!

ವಿಹಾರದ ಹಳೆಯ ಬೇರು

ಗುಂಪಾಗಿ ಹಳ್ಳಿ ಪಬ್ಬುಗಳಿಗೆ ಹೋಗುವ ರೂಢಿ ಕ್ಯಾಮ್ರಾ ಹುಟ್ಟುಹಾಕಿದ್ದಲ್ಲ. ಅದಕ್ಕೆ ನೂರು ವರ್ಷಕ್ಕೂ ಹಿಂದಿನ ಬೇರಿದೆ, ಕಾನೂನು ಕೂಡ ಅದಕ್ಕೆ ನೀರೆರೆದಿದೆ.

1830ರ ಬಿಯರ್‌ಹೌಸ್ ಕಾಯ್ದೆ ಎರಡು ಗಿನಿ ಕೊಟ್ಟ ಯಾವ ತೆರಿಗೆದಾರನಿಗೂ ಮನೆಯಲ್ಲೇ ಬಿಯರ್ ಮಾರುವ ಪರವಾನಗಿ ಕೊಟ್ಟಿತು. ಜಿನ್ ಕುಡಿಯುವ ಚಟ ಬಿಡಿಸಬೇಕು, ಬಿಯರ್ ವಾಸಿ ಎಂಬ ಲೆಕ್ಕಾಚಾರ. ಕೆಲವೇ ವರ್ಷದಲ್ಲಿ ಸಾವಿರಾರು ಮನೆಗಳ ಮುಂದಿನ ಕೋಣೆ ಬಿಯರ್ ಅಂಗಡಿ ಆಯಿತು. ಈಗ 'ಪುರಾತನ' ಎಂದು ಕೊಂಡಾಡುವ ಎಷ್ಟೋ ಪುಟ್ಟ ಹಳ್ಳಿ ಪಬ್ಬುಗಳು ಹುಟ್ಟಿದ್ದು ಹೀಗೆ. ಹಿಂದೆಯೇ ಪಾನವಿರೋಧಿ ಚಳವಳಿ ಬಂತು. 1832ರಲ್ಲಿ ಪ್ರೆಸ್ಟನ್ ಪಟ್ಟಣದಲ್ಲಿ ಜೋಸೆಫ್ ಲಿವ್ಸಿ ಮತ್ತು ಸಂಗಡಿಗರು ಕುಡಿಯುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ಕೂಲಿಯೆಲ್ಲ ಪಬ್ಬಿನಲ್ಲಿ ಸುರಿದು ಬರಿಗೈಯಲ್ಲಿ ಬರುವ ಗಂಡಂದಿರ ಕಥೆ ಅಲ್ಲಿಯೂ ಇತ್ತು. ಆ ಸಿಟ್ಟು ನಿಜವಾದದ್ದು.

ಆ ಒತ್ತಡದಿಂದ ಭಾನುವಾರದ ಸಮಯ ಕಡಿತವಾಯಿತು. ಆದರೆ 1874ರ ಕಾಯ್ದೆಯಲ್ಲಿ ಒಂದು ಕಿಂಡಿ ಇತ್ತು. ಹಿಂದಿನ ರಾತ್ರಿ ಕನಿಷ್ಠ ಮೂರು ಮೈಲಿ ದೂರದಲ್ಲಿ ತಂಗಿದ್ದ 'ನಿಜವಾದ ಪ್ರಯಾಣಿಕ'ನಿಗೆ ಮುಚ್ಚಿದ ವೇಳೆಯಲ್ಲೂ ಕೊಡಬಹುದು. ಫಲ? ಈ ಊರಿನವರು ಆ ಊರಿಗೆ, ಆ ಊರಿನವರು ಈ ಊರಿಗೆ ಮೂರು ಮೈಲಿ ನಡೆದು ಪ್ರಯಾಣಿಕರಾಗಿಬಿಡುತ್ತಿದ್ದರು.

ಆಮೇಲೆ ರೈಲು, ನಂತರ ಷಾರಾಬಾಂಗ್ ಎಂಬ ತೆರೆದ ಬಂಡಿ ಬಸ್ಸು. ಬರ್ಟನ್ ಪಟ್ಟಣದ ಬಾಸ್ ಕಂಪನಿ ಮೊದಲ ಮಹಾಯುದ್ಧಕ್ಕೆ ಮುಂಚೆ ತನ್ನ ಸಾವಿರಾರು ಕಾರ್ಮಿಕರನ್ನೂ ಅವರ ಮನೆಯವರನ್ನೂ ಹತ್ತಕ್ಕೂ ಹೆಚ್ಚು ವಿಶೇಷ ರೈಲುಗಳಲ್ಲಿ ಸಮುದ್ರತೀರಕ್ಕೆ ಒಂದು ದಿನದ ಪ್ರವಾಸ ಕರೆದೊಯ್ಯುತ್ತಿತ್ತು. 1920ರ ದಶಕದಲ್ಲಿ ಗಿರಣಿ, ಗಣಿ, ಕ್ಲಬ್ಬುಗಳ ವಾರ್ಷಿಕ ಪ್ರವಾಸ ಎಂದರೆ ಷಾರಾಬಾಂಗ್, ದಾರಿಯುದ್ದಕ್ಕೂ ಹಳ್ಳಿ ಪಬ್ಬುಗಳಲ್ಲಿ ನಿಲುಗಡೆ.

ಯುದ್ಧ ಇನ್ನೊಂದು ಗಾಯ ಮಾಡಿತ್ತು. 1915ರಲ್ಲಿ ಮದ್ದುಗುಂಡು ಕಾರ್ಖಾನೆಗಳ ಕೆಲಸ ಕೆಡುತ್ತದೆ ಎಂದು ಸರ್ಕಾರ ಪಬ್ಬುಗಳ ವೇಳೆಯನ್ನು ಕತ್ತರಿಸಿತು, ಮಧ್ಯಾಹ್ನ ಬಾಗಿಲು ಹಾಕಿಸಿತು. ಅನೇಕ ಕಡೆ ಒಬ್ಬ ಇನ್ನೊಬ್ಬನಿಗೆ ಬಿಯರ್ ಕೊಡಿಸುವುದೇ ಅಪರಾಧ ಎಂದು ಆದೇಶ ಬಂತು. 1916ರಲ್ಲಿ ಕಾರ್ಲೈಲ್ ಪ್ರದೇಶದ ಬ್ರೂವರಿ, ಪಬ್ಬುಗಳನ್ನು ಸರ್ಕಾರವೇ ವಹಿಸಿಕೊಂಡಿತು. ಆ ವ್ಯವಸ್ಥೆ 1970ರ ದಶಕದ ಆರಂಭದವರೆಗೂ ನಡೆಯಿತು. ಮಧ್ಯಾಹ್ನದ ಬಾಗಿಲಂತೂ ಯುದ್ಧ ಮುಗಿದು 70 ವರ್ಷ ಕಳೆದು, 1988ರಲ್ಲಿ ತೆರೆಯಿತು. ಅಂದರೆ ಕ್ಯಾಮ್ರಾದ ಮೊದಲ ತಲೆಮಾರಿನವರ ಶನಿವಾರದ ವಿಹಾರಕ್ಕೆ ನಡುವೆ ಕಡ್ಡಾಯ ಬಿಡುವು ಇರುತ್ತಿತ್ತು. ಎರಡೂವರೆ ಮೂರರ ಹೊತ್ತಿಗೆ ಬಾಗಿಲು ಬಂದ್; ಸಂಜೆ ತೆರೆಯುವವರೆಗೆ ಚರ್ಚು ನೋಡು, ಹೊಲದ ದಾರಿ ನಡೆ, ಅಥವಾ ಬಸ್ಸಿನಲ್ಲಿ ನಿದ್ದೆ ಮಾಡು.

ಬಸ್ಸು ಯಾಕೆ ಎಂದರೆ, ಬೇರೆ ದಾರಿ ಇರಲಿಲ್ಲ. 1963ರ ಬೀಚಿಂಗ್ ವರದಿಯ ನಂತರ ಹಳ್ಳಿಗಾಡಿನ ರೈಲು ಮಾರ್ಗಗಳು ಸಾಲುಸಾಲಾಗಿ ಮುಚ್ಚಿದವು. 1967ರಲ್ಲಿ ಸಾರಿಗೆ ಸಚಿವೆ ಬಾರ್ಬರಾ ಕ್ಯಾಸಲ್ ಉಸಿರು ಪರೀಕ್ಷೆಯ ಕಾನೂನು ತಂದರು. 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ಕಾರು ಓಡಿಸುವಂತಿಲ್ಲ. ರಸ್ತೆಯಲ್ಲಿ ಸಾಯುವವರ ಸಂಖ್ಯೆ ಇಳಿಯಿತು, ಅದು ಒಳ್ಳೆಯ ಕಾನೂನು. ಆದರೆ ರೈಲೂ ಇಲ್ಲದ, ಕಾರೂ ಬೇಡದ ದೂರದ ಹಳ್ಳಿಯ ಪಬ್ಬು ನಕ್ಷೆಯಿಂದಲೇ ಜಾರಿತು. ಹದಿನಾರು ಜನ ಹಣ ಹಾಕಿ ಮಿನಿಬಸ್ ಬಾಡಿಗೆಗೆ ಹಿಡಿಯುವ ವಿಹಾರ ಈ ಎರಡು ತೀರ್ಮಾನಗಳ ಕೂಸು.

ಶನಿವಾರದ ನೋಟ್‌ಬುಕ್

ಇಂಥ ಒಂದು ದಿನ ಹೇಗಿರುತ್ತದೆ? ಬೆಳಿಗ್ಗೆ ಹತ್ತೂವರೆ ಹನ್ನೊಂದಕ್ಕೆ ಸಂತೆ ಊರಿನ ಚೌಕದಿಂದ ಮಿನಿಬಸ್ ಹೊರಡುತ್ತದೆ. ಗುಂಪಿನಲ್ಲಿ ನಿವೃತ್ತ ಮೇಷ್ಟ್ರು, ರೈಲ್ವೆಯವನು, ನರ್ಸು, ಲೆಕ್ಕಪತ್ರದವನು. ನಾಲ್ಕೈದು ಪಬ್ಬು, ಎಲ್ಲವೂ ಹೆದ್ದಾರಿಯಿಂದ ಒಳಗೆ. ಸಂಚಾಲಕ ವಾರ ಮೊದಲೇ ಫೋನ್ ಮಾಡಿ ಹದಿನಾರು ಜನ ಬರುತ್ತೇವೆ ಎಂದು ತಿಳಿಸಿರುತ್ತಾನೆ, ಏಕೆಂದರೆ ಪಬ್ಬಿನವನು ಇನ್ನೊಂದು ಪೀಪಾಯಿಯನ್ನು ಎರಡು ದಿನ ಮುಂಚೆ ಸಿದ್ಧ ಮಾಡಬೇಕು. ಐದು ಕಡೆ ಕುಡಿಯಬೇಕಾದ್ದರಿಂದ ಹೆಚ್ಚಿನವರು ಕೇಳುವುದು ಅರ್ಧ ಪಿಂಟ್. ಹದಿನಾರು ಅರ್ಧ ಎಂದರೆ ಎಂಟು ಪಿಂಟ್, ಫರ್ಕಿನ್ನಿನ ಒಂಬತ್ತನೇ ಒಂದು ಭಾಗ. ಅಷ್ಟರಿಂದ ಪಬ್ಬು ಉದ್ಧಾರವಾಗುವುದಿಲ್ಲ. ಆದರೆ ಮಂಕಾದ ಮಧ್ಯಾಹ್ನಕ್ಕೆ ಅದೂ ಒಂದು ಆಸರೆ.

ಊಟಕ್ಕೆ ಬ್ರೆಡ್ಡು, ಚೀಸು, ಉಪ್ಪಿನಕಾಯಿಯ 'ಉಳುವವನ ಬುತ್ತಿ'. ಶತಮಾನಗಳ ಹಳೆಯ ರೈತರ ಊಟ ಎಂದು ನಂಬಿ ಜನ ತಿನ್ನುತ್ತಾರೆ. ರೈತರು ಬ್ರೆಡ್ಡು ಚೀಸು ತಿನ್ನುತ್ತಿದ್ದದ್ದು ನಿಜ. ಆದರೆ ಆ ಹೆಸರಿನಲ್ಲಿ ಅದನ್ನು ಪಬ್ಬುಗಳಿಗೆ ತಲುಪಿಸಿದ್ದು 1950 ಮತ್ತು 60ರ ದಶಕದ ಚೀಸ್ ಮಾರಾಟದ ಪ್ರಚಾರ. ಹಳ್ಳಿಯ ಹಳಮೆಯಲ್ಲಿ ಸ್ವಲ್ಪ ಪಾಲು ಜಾಹೀರಾತಿನದು ಎಂಬುದನ್ನು ಇತಿಹಾಸ ಬರೆಯುವವರು ಮರೆಯಬಾರದು.

ವಿಹಾರದ ತಿರುಳು ಇರುವುದು ನೋಟ್‌ಬುಕ್ಕಿನಲ್ಲಿ. ಯಾವ ಬಿಯರ್, ಯಾವ ಬ್ರೂವರಿಯದು, ಹೇಗಿತ್ತು? ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ? ಗಾಲಿ ಕುರ್ಚಿ ಒಳಗೆ ಹೋಗುತ್ತದೆಯೇ? ಹಳೆಯ ಬೆಂಚು, ಒಲೆ, ಆಟದ ಹಲಗೆ ಉಳಿದಿವೆಯೇ? ಮುಚ್ಚುವ ಗುಸುಗುಸು ಇದೆಯೇ? ಇವೆಲ್ಲ ಕ್ಯಾಮ್ರಾದ ಸ್ಥಳೀಯ ಶಾಖೆಗೆ ಹೋಗುತ್ತವೆ. ಶಾಖೆಯ ಸದಸ್ಯರು ಆರಿಸಿದ ಪಬ್ಬುಗಳೇ 'ಗುಡ್ ಬಿಯರ್ ಗೈಡ್' ಎಂಬ ವಾರ್ಷಿಕ ಪುಸ್ತಕದ ಪುಟ ಸೇರುತ್ತವೆ. ದುಡ್ಡು ಕೊಟ್ಟು ಅದರಲ್ಲಿ ಜಾಗ ಕೊಳ್ಳಲಾಗದು. 1972ರ ಮೊದಲ ಗೈಡ್ ಹದಿನೆಂಟು ಹಾಳೆಗೆ ಪಿನ್ ಹೊಡೆದು ಸದಸ್ಯರಿಗೆ ಅಂಚೆಯಲ್ಲಿ ಕಳಿಸಿದ್ದು. 1974ರಲ್ಲಿ ಅಚ್ಚಾದ ಮೊದಲ ಆವೃತ್ತಿಯಲ್ಲಿ ವಾಟ್ನೀಸ್ ಬಿಯರನ್ನು ಪ್ಲೇಗಿಗೆ ಹೋಲಿಸಿ ದೂರವಿರಿ ಎಂದು ಬರೆದಿದ್ದರು. ಅಚ್ಚು ಹಾಕಿದವರು ಮಾನನಷ್ಟ ಮೊಕದ್ದಮೆಗೆ ಹೆದರಿದರು, ಮಾತು ಮೆದುವಾಯಿತು. ಪತ್ರಿಕೆಯಲ್ಲಿ ಕೆಲಸ ಮಾಡಿದ ಯಾರಿಗೂ ಆ ಗಳಿಗೆ ಅರ್ಥವಾಗುತ್ತದೆ.

ಪತ್ರಕರ್ತರ ಕೈ ಇದರಲ್ಲಿ ಕೊನೆಯವರೆಗೂ ಕಾಣುತ್ತದೆ. 1973ರಲ್ಲಿ ರಿಚರ್ಡ್ ಬಾಸ್ಟನ್ ಗಾರ್ಡಿಯನ್ ಪತ್ರಿಕೆಯಲ್ಲಿ ಪ್ರತಿ ವಾರ ಬಿಯರ್ ಬಗ್ಗೆ ಅಂಕಣ ಬರೆಯತೊಡಗಿದರು. ಅದೇ ವರ್ಷ ಕ್ರಿಸ್ಟೋಫರ್ ಹಟ್ ಅವರ 'ಇಂಗ್ಲಿಷ್ ಪಬ್ಬಿನ ಸಾವು' ಎಂಬ ಅರ್ಥದ ಪುಸ್ತಕ ಬಂತು. ಅದೇ ವರ್ಷ ಸ್ಟಾಫರ್ಡ್‌ಷೈರ್‌ನ ಸ್ಟೋನ್ ಎಂಬ ಸಣ್ಣ ಪಟ್ಟಣದಲ್ಲಿ ಜೂಲ್ಸ್ ಬ್ರೂವರಿಯನ್ನು ಬಾಸ್ ಚಾರಿಂಗ್ಟನ್ ಮುಚ್ಚುತ್ತದೆ ಎಂದಾಗ ನೂರಾರು ಜನ ಬೀದಿಗಿಳಿದರು. ಬ್ರೂವರಿ ಉಳಿಯಲಿಲ್ಲ. ಆದರೆ ಬಿಯರಿಗಾಗಿ ಮೆರವಣಿಗೆ ಎಂಬ ಸುದ್ದಿ ದೇಶ ಸುತ್ತಿತು.

ಎಲ್ಲರ ಜಾಗವೇ?

ಇದನ್ನು ಕೇಳಲೇಬೇಕು. ಹಳ್ಳಿ ಪಬ್ಬು 'ಎಲ್ಲರ ಮನೆ' ಎಂದು ಇಂಗ್ಲಿಷರು ಭಾವುಕರಾಗುತ್ತಾರೆ. ಆದರೆ ಬಹುಕಾಲ ಅದರ ಮುಂದಿನ ಕೋಣೆ ಗಂಡಸರದು. ಹೆಂಗಸರು ಬಂದರೂ ಪಕ್ಕದ ಕೋಣೆಗೆ, ಗಂಡಸಿನ ಜೊತೆಗೆ. ಲಂಡನ್ನಿನ ಪತ್ರಕರ್ತರ ಅಡ್ಡೆಯಾಗಿದ್ದ ಫ್ಲೀಟ್ ಸ್ಟ್ರೀಟಿನ ಎಲ್ ವಿನೋ ವೈನ್ ಬಾರ್‌ನಲ್ಲಿ ಹೆಂಗಸರು ಕೌಂಟರ್ ಬಳಿ ನಿಂತು ಕೇಳುವಂತಿರಲಿಲ್ಲ. ಪತ್ರಕರ್ತೆ ಆನಾ ಕೂಟ್ ಮತ್ತು ವಕೀಲೆ ಟೆಸ್ ಗಿಲ್ ಕೋರ್ಟಿಗೆ ಹೋಗಿ 1982ರಲ್ಲಿ ಗೆದ್ದರು. ಗಂಡಸು ವರದಿಗಾರರು ಸುದ್ದಿ ಹಂಚಿಕೊಳ್ಳುವ ಕೌಂಟರಿನಿಂದ ಹೆಣ್ಣು ವರದಿಗಾರ್ತಿ ದೂರ ಇರಬೇಕಾದರೆ ಅದು ಬರೀ ಕುಡಿತದ ವಿಷಯವಲ್ಲ. ನಮ್ಮ ತಾಲ್ಲೂಕು ಕೇಂದ್ರಗಳ ಟೀ ಅಂಗಡಿಗಳಿಗೂ ಈ ಮಾತು ಅನ್ವಯಿಸುತ್ತದೆ, ಕೂಡುವ ಜಾಗ ಎಂದಾಗ ಯಾರು ಕೂಡುತ್ತಾರೆ ಎಂದು ನೋಡಬೇಕು.

ಹಾಗೆಂದು ಪಬ್ಬುಗಳನ್ನು ಕಟ್ಟಿ ನಿಲ್ಲಿಸಿದ ಹೆಂಗಸರು ಕಡಿಮೆ ಇಲ್ಲ. ಡೆವನ್ ಕೌಂಟಿಯ ಡ್ರೂಸ್ಟೈನ್‌ಟನ್ ಹಳ್ಳಿಯ ಡ್ರೂ ಆರ್ಮ್ಸ್ ಪಬ್ಬನ್ನು ಮೇಬಲ್ ಮಡ್ಜ್ 1919ರಿಂದ 1994ರವರೆಗೆ, 75 ವರ್ಷ ನಡೆಸಿದರು. ಬಿಟ್ಟಾಗ ವಯಸ್ಸು 99. ಅಲ್ಲಿ ಕೌಂಟರಿನ ಅಬ್ಬರ ಇರಲಿಲ್ಲ, ಹಿಂದಿನ ಕೋಣೆಯ ಪೀಪಾಯಿಯಿಂದ ನೇರ ಹಿಡಿದು ಕೊಡುತ್ತಿದ್ದರು.

ಉಳಿದದ್ದು, ಹೋದದ್ದು

ಕ್ಯಾಮ್ರಾ ಹುಟ್ಟಿದ ಕಾಲಕ್ಕೆ ತಾವೇ ಬಿಯರ್ ಮಾಡಿ ತಾವೇ ಮಾರುವ ಹಳೆಯ ಪಬ್ಬುಗಳು ಇಂಗ್ಲೆಂಡಿನಲ್ಲಿ ನಾಲ್ಕೇ ಉಳಿದಿದ್ದವು: ಹೆಲ್‌ಸ್ಟನ್‌ನ ಬ್ಲೂ ಆ್ಯಂಕರ್, ಬಿಷಪ್ಸ್ ಕ್ಯಾಸಲ್‌ನ ತ್ರೀ ಟನ್ಸ್, ಮೇಡ್ಲಿಯ ಆಲ್ ನೇಷನ್ಸ್, ನೆದರ್‌ಟನ್‌ನ ಓಲ್ಡ್ ಸ್ವಾನ್. ಅಲ್ಲಿಂದ ಗಾಳಿ ನಿಧಾನಕ್ಕೆ ತಿರುಗಿತು. ನಾರ್ಥಾಂಪ್ಟನ್‌ನ ಹಳೆಯ ಬ್ರೂವರಿಯನ್ನು ವಾಟ್ನೀಸ್ ಮುಚ್ಚಿದಾಗ ಅಲ್ಲಿನ ಮುಖ್ಯ ಬ್ರೂವರ್ ಬಿಲ್ ಅರ್ಕರ್ಟ್ ಸುಮ್ಮನೆ ಕೂರದೆ, 1974ರಲ್ಲಿ ಲಿಚ್‌ಬರೋ ಹಳ್ಳಿಯಲ್ಲಿ ಸ್ವಂತ ಪುಟ್ಟ ಬ್ರೂವರಿ ಶುರು ಮಾಡಿದ. ಆಮೇಲೆ ಬಂದ ಸಣ್ಣ ಬ್ರೂವರಿಗಳಿಗೆಲ್ಲ ಅದೊಂದು ಮಾದರಿ. 2002ರಲ್ಲಿ ಸಣ್ಣ ಬ್ರೂವರಿಗಳಿಗೆ ತೆರಿಗೆ ರಿಯಾಯಿತಿ ಸಿಕ್ಕ ಮೇಲೆ ಅವುಗಳ ಸಂಖ್ಯೆ ಸಾವಿರ ದಾಟಿತು.

ಬಿಯರ್ ಉಳಿಯಿತು. ಪಬ್ಬು? 1989ರಲ್ಲಿ ಸರ್ಕಾರ 2000ಕ್ಕಿಂತ ಹೆಚ್ಚು ಪಬ್ಬು ಹೊಂದಿದ ಬ್ರೂವರಿಗಳು ಆ ಮಿತಿ ಮೀರಿದವುಗಳಲ್ಲಿ ಅರ್ಧದಷ್ಟರ ಮೇಲಿನ ಹಿಡಿತ ಬಿಡಬೇಕು, ಬಾಡಿಗೆದಾರ ಹೊರಗಿನ ಒಂದು ಪೀಪಾಯಿ ಬಿಯರನ್ನಾದರೂ ಮಾರಬಹುದು ಎಂದಿತು. ಚಳವಳಿ ಗೆದ್ದಂತೆ ಕಂಡಿತು. ಆದರೆ ಬ್ರೂವರಿಗಳು ಬಿಟ್ಟ ಸಾವಿರಾರು ಪಬ್ಬುಗಳನ್ನು ಕೊಂಡದ್ದು ಬಿಯರನ್ನೇ ಮಾಡದ, ಆಸ್ತಿ ವ್ಯವಹಾರದ ಹೊಸ ಕಂಪನಿಗಳು. ಅವಕ್ಕೆ ಪಬ್ಬಿಗಿಂತ ಅದು ನಿಂತ ಜಾಗ ಬೆಲೆಬಾಳುತ್ತಿತ್ತು. ಮುಚ್ಚಿ ಮನೆಯಾಗಿಸಿ ಮಾರಿದರೆ ಲಾಭ. ಏಕಸ್ವಾಮ್ಯ ಮುರಿಯಲು ಬಂದ ಆದೇಶ ಇನ್ನೊಂದು ಬಗೆಯ ಒಡೆಯರನ್ನು ತಂದಿತು.

ಕೊನೆಗೆ ಕೆಲವು ಹಳ್ಳಿಗಳು ತಾವೇ ಒಡೆಯರಾದವು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಪುಟ್ಟ ಊರಿನಲ್ಲಿ ಜನ ಮೊದಲು ಬ್ರೂವರಿಯನ್ನು, 2003ರಲ್ಲಿ ಓಲ್ಡ್ ಕ್ರೌನ್ ಪಬ್ಬನ್ನು ಸಹಕಾರ ಸಂಘ ಮಾಡಿ ಕೊಂಡರು. ನಮ್ಮ ಹಾಲಿನ ಡೇರಿಯ ಥರ, ಒಬ್ಬರಿಗೆ ಒಂದು ಮತ. 2011ರ ಸ್ಥಳೀಯತೆ ಕಾಯ್ದೆ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಒಂದು ಪಬ್ಬನ್ನೋ ಅಂಗಡಿಯನ್ನೋ 'ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ' ಎಂದು ಪಟ್ಟಿ ಮಾಡಿಸಿದರೆ, ಮಾರಾಟಕ್ಕೆ ಬಂದಾಗ ಹಣ ಹೊಂದಿಸಲು ಊರಿಗೆ ಆರು ತಿಂಗಳ ಕಾಲಾವಕಾಶ ಕೇಳಬಹುದು. ಆ ಅರ್ಜಿ ಬರೆಯುವಾಗ ಬೇಕಾಗುವ ವಿವರ, ಅಂದರೆ ಯಾವಾಗಿನಿಂದ ಇದೆ, ಯಾರು ಬರುತ್ತಾರೆ, ಏನೇನು ನಡೆಯುತ್ತದೆ ಎಂಬುದು, ಶನಿವಾರದ ನೋಟ್‌ಬುಕ್ಕಿನಲ್ಲಿ ಇರುತ್ತದೆ.

ಬೆಂಗಳೂರಿನ ಎಳೆ

ಈ ಕಥೆಗೆ ನಮ್ಮ ಕಡೆಯ ಎಳೆಯೂ ಇದೆ. ಇಂಗ್ಲೆಂಡಿನ ಬ್ರೂವರಿಗಳು 19ನೇ ಶತಮಾನದಲ್ಲಿ ಬೆಳೆದದ್ದರ ಹಿಂದೆ ಭಾರತಕ್ಕೆ ಹಡಗಿನಲ್ಲಿ ಕಳಿಸಿದ ಪೀಪಾಯಿಗಳೂ ಇವೆ. ಲಂಡನ್ನಿನ ಹಾಡ್ಜ್‌ಸನ್, ನಂತರ ಬರ್ಟನ್ನಿನ ಆಲ್ಸಪ್ ಮತ್ತು ಬಾಸ್ ಕಂಪನಿಗಳು ಇಲ್ಲಿನ ಬಿಳಿಯರಿಗಾಗಿ ಕಳಿಸಿದ ಬಿಯರೇ ಇಂಡಿಯಾ ಪೇಲ್ ಏಲ್. ದಂಡು ಪ್ರದೇಶದ ಸೈನಿಕರಿಗಾಗಿ ಬೆಂಗಳೂರಿನಲ್ಲಿ, ನೀಲಗಿರಿಯಲ್ಲಿ ಸಣ್ಣ ಬ್ರೂವರಿಗಳು ಎದ್ದವು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ ಇಂಥ ಐದನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಇಂಗ್ಲೆಂಡಿನಲ್ಲಿ ಪಬ್ಬುಗಳ ಬಾಗಿಲನ್ನು ಮಧ್ಯಾಹ್ನ ಹಾಕಿಸಿದ ವರ್ಷವೇ ಅದು. 1947ರಲ್ಲಿ ವಿಠ್ಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಆರು ದೈತ್ಯರಲ್ಲಿ ಒಂದಾದ ಸ್ಕಾಟಿಷ್ ಅಂಡ್ ನ್ಯೂಕ್ಯಾಸಲ್ 2000ದ ದಶಕದಲ್ಲಿ ಈ ಬೆಂಗಳೂರು ಕಂಪನಿಯ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಕೊಂಡಿತು. 2008ರಲ್ಲಿ ಅದನ್ನೂ ಹೈನೆಕೆನ್ ಮತ್ತು ಕಾರ್ಲ್ಸ್‌ಬರ್ಗ್ ಹಂಚಿಕೊಂಡು ನುಂಗಿದವು. ನಾರ್ಫೋಕ್‌ನ ಹಳ್ಳಿಗರು 1963ರಲ್ಲಿ ಕಂಡದ್ದೇ ಆಟ, ಮೈದಾನ ಮಾತ್ರ ದೊಡ್ಡದು.

ನಮ್ಮಲ್ಲಿ ಪೀಪಾಯಿಯ ಜೀವಂತ ಪಾನೀಯಕ್ಕೆ ಸಮನಾದ ಹೆಂಡ 2004ರಲ್ಲಿ ಕರಾವಳಿಯ ಎರಡು ಜಿಲ್ಲೆ ಬಿಟ್ಟು ಉಳಿದೆಡೆ ನಿಂತಿತು. ಮರ ಹತ್ತುವ ಕಸುಬಿನವರು ಏನಾದರು ಎಂದು ಬರೆದವರು ಕಡಿಮೆ.

ಕಳೆದ ವರ್ಷ ಒಂದು ವರದಿಗಾಗಿ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಟೂರಿಂಗ್ ಟಾಕೀಸ್‌ಗಳಿದ್ದವು ಎಂದು ಹುಡುಕಿಕೊಂಡು ಹೊರಟಿದ್ದೆ. ಯಾವ ಕಚೇರಿಯಲ್ಲೂ ಪಟ್ಟಿ ಸಿಗಲಿಲ್ಲ. ಡೇರೆ ಹಾಕುತ್ತಿದ್ದ ಜಾಗಗಳನ್ನು ತೋರಿಸಿದ್ದು ಒಬ್ಬ ಹಳೆಯ ಟಿಕೆಟ್ ಹರಿಯುವವರು, ಅದೂ ನೆನಪಿನಿಂದ. ಅವರು ಹೇಳಿದ ಏಳು ಊರುಗಳನ್ನು ಬರೆದುಕೊಂಡೆ. ಅವರಿಗಿಂತ ಮೊದಲು ಯಾರಾದರೂ ನಾಲ್ಕು ಜನ ಒಂದು ಶನಿವಾರ ಬಸ್ಸು ಹಿಡಿದು ಹೋಗಿ ಬರೆದಿಟ್ಟಿದ್ದರೆ ಪಟ್ಟಿ ಇನ್ನೂ ಉದ್ದ ಇರುತ್ತಿತ್ತು.

ಗರಡಿ ಮನೆ, ಸಂತೆ ಕಟ್ಟೆ, ವಾಚನಾಲಯ, ನಾಟಕದ ಮನೆ, ಬೆಳಗಿನ ಜಾವ ತೆರೆಯುವ ಹೋಟೆಲು. ನಿಮ್ಮ ತಾಲ್ಲೂಕಿನಲ್ಲಿ ಎಷ್ಟಿವೆ, ಎಷ್ಟು ಹೋದವು? ಈ ಬ್ಲಾಗಿನ ಗೆಳೆಯರಲ್ಲಿ ನಾಲ್ಕು ಜನ ಒಪ್ಪಿದರೆ ಮುಂದಿನ ತಿಂಗಳ ಒಂದು ಶನಿವಾರ ನಮ್ಮ ಹೋಬಳಿಯಿಂದಲೇ ಶುರು ಮಾಡೋಣ. ನೋಟ್‌ಬುಕ್ ನಾನು ತರುತ್ತೇನೆ. ಕುಡಿಯಲು ಚಹಾ ಸಾಕು.